ನಿಮ್ಮ ತೂಕಕ್ಕೆ, ನಿಮ್ಮ ಕಾಲಿಗೆ: ಸ್ಲಾಲಮ್ ವಾಟರ್ ಸ್ಕೀ ಆರಿಸುವ ಬಗೆ

ಯುಗಾದಿಯ ಮರುದಿನ ಅಕ್ಕನ ಮಗ ಮಸ್ಕತ್‌ನಿಂದ ಫೋನ್ ಮಾಡಿದ. "ಮಾಮಾ, ಒಂದು ಸ್ಕೀ ನೋಡಿದ್ದೇನೆ. ಪೂರ್ತಿ ಕಾರ್ಬನ್ ಫೈಬರ್. ಅರ್ಧ ಬೆಲೆಗೆ ಕೊಡುತ್ತಾನಂತೆ. ತೆಗೆದುಕೊಳ್ಳಲೇ?" ಎಂದು ಕೇಳಿದ. "ಈಗ ನಿನ್ನ ತೂಕ ಎಷ್ಟು?" ಎಂದೆ. ಉತ್ತರವಿಲ್ಲ. "ದೋಣಿ ನಿನ್ನನ್ನು ಎಷ್ಟು ವೇಗದಲ್ಲಿ ಎಳೆಯುತ್ತದೆ?" ಅದಕ್ಕೂ ಉತ್ತರವಿಲ್ಲ. ಈ ಎರಡು ಪ್ರಶ್ನೆಗೆ ಉತ್ತರ ಸಿಗುವವರೆಗೆ ಸ್ಕೀಯ ಬಣ್ಣ, ಬ್ರಾಂಡ್, ಬೆಲೆ ಯಾವುದನ್ನೂ ನೋಡಬೇಡ ಎಂದು ಹೇಳಿ ಫೋನ್ ಇಟ್ಟೆ. ಅಂದು ರಾತ್ರಿ ಅವನಿಗೆ ಬರೆದು ಕಳಿಸಲು ಕುಳಿತದ್ದೇ ಈ ಬರಹವಾಯಿತು.

ನಮ್ಮ ಕಲಬುರಗಿ, ಬೀದರ್, ಯಾದಗಿರಿಯಿಂದ ಕೊಲ್ಲಿ ದೇಶಗಳಿಗೆ, ಅಮೆರಿಕಕ್ಕೆ ದುಡಿಯಲು ಹೋದ ಹುಡುಗ ಹುಡುಗಿಯರು ಅಲ್ಲಿ ಈ ಆಟದ ರುಚಿ ಹತ್ತಿಸಿಕೊಳ್ಳುವುದುಂಟು. ನಾನೂ ಅಬುಧಾಬಿಯಲ್ಲಿ ಕೆಲಸದಲ್ಲಿದ್ದಾಗ ಕಲಿತವನು. ಕನ್ನಡದಲ್ಲಿ ಇದರ ಬಗ್ಗೆ ಕೇಳಲು ಆಗ ನನಗೆ ಯಾರೂ ಇರಲಿಲ್ಲ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಆಟ ನೋಡದವರಿಗೆ ಎರಡು ಮಾತು. ಮೋಟಾರು ದೋಣಿ ಹಗ್ಗದಿಂದ ಎಳೆಯುತ್ತದೆ, ನೀವು ಸ್ಕೀ ಹಲಗೆಯ ಮೇಲೆ ನಿಂತು ನೀರಿನ ಮೇಲೆ ಜಾರುತ್ತೀರಿ. ಕಲಿಯುವಾಗ ಕಾಲಿಗೊಂದರಂತೆ ಎರಡು ಸ್ಕೀ. ಸ್ಲಾಲಮ್ ಎಂದರೆ ಒಂದೇ ಸ್ಕೀಯ ಮೇಲೆ ಎರಡೂ ಪಾದಗಳನ್ನು ಹಿಂದೆ ಮುಂದೆ ಇಟ್ಟು, ದೋಣಿಯ ಎಡಕ್ಕೂ ಬಲಕ್ಕೂ ಹಾಯುತ್ತ ಹೋಗುವುದು. ಸ್ಪರ್ಧೆಯಲ್ಲಿ ಆರು ತೇಲುಗುಂಡುಗಳನ್ನು ಸುತ್ತಿ ಬರಬೇಕು. ಪ್ರತಿಯೊಂದೂ ದೋಣಿ ಸಾಗುವ ನಡುಗೆರೆಯಿಂದ 11.5 ಮೀಟರ್ ದೂರ. ಹಗ್ಗ 18.25 ಮೀಟರಿನಿಂದ ಆರಂಭವಾಗಿ ಹಂತಹಂತವಾಗಿ ಚಿಕ್ಕದಾಗುತ್ತದೆ. 11.25 ಮೀಟರಿಗೆ ಬಂದಾಗ ಹಗ್ಗ ಮಾತ್ರ ತೇಲುಗುಂಡಿನವರೆಗೆ ಮುಟ್ಟುವುದೇ ಇಲ್ಲ, ಉಳಿದ ದೂರವನ್ನು ಮೈ ಚಾಚಿ ತುಂಬಿಸಬೇಕು. ಅಂಗಡಿಯಲ್ಲಿ ಕಣ್ಣು ಕುಕ್ಕುವ ದುಬಾರಿ ಸ್ಕೀಗಳು ಅಂಥವರಿಗಾಗಿ ಮಾಡಿದವು. ಒಂದು ಸ್ಕೀ ಮೇಲೆ ನಿಲ್ಲಲು ಕಲಿಯುತ್ತಿರುವವರಿಗೆ ಅವು ಸಲ್ಲುವುದಿಲ್ಲ.

ಮೊದಲು: ನಿಮಗೆ ಸ್ಲಾಲಮ್ ಸ್ಕೀ ಈಗಲೇ ಬೇಕೇ?

ಎರಡು ಸ್ಕೀ ಮೇಲೆ ನೆಮ್ಮದಿಯಾಗಿ ನಿಂತು, ದೋಣಿ ಎಬ್ಬಿಸುವ ಅಲೆಗಳನ್ನು ದಾಟಿ ಬರಲು ಆಗುತ್ತಿಲ್ಲವಾದರೆ ಬೇಡ. ಕಾಂಬೊ ಜೋಡಿ ಎಂದು ಸಿಗುತ್ತದೆ. ಅದರಲ್ಲಿ ಒಂದು ಸ್ಕೀಗೆ ಹಿಂಗಾಲು ತೂರಿಸಲು ಪಟ್ಟಿ ಇರುತ್ತದೆ. ಎರಡರ ಮೇಲೆ ಎದ್ದು, ಸಾಗುತ್ತ ಒಂದನ್ನು ಕಳಚಿ ಬಿಟ್ಟು, ಉಳಿದ ಒಂದರ ಮೇಲೆ ನಿಲ್ಲುವ ಅಭ್ಯಾಸವನ್ನು ಅದರಲ್ಲೇ ಮಾಡಿ.

ಆಗಲೇ ಇನ್ನೊಂದು ವಿಷಯವೂ ಗೊತ್ತಾಗುತ್ತದೆ: ನಿಮ್ಮ ಮುಂಗಾಲು ಯಾವುದು. ಎರಡು ಸ್ಕೀ ಮೇಲೆ ಸಾಗುವಾಗ ಒಂದು ಕಾಲನ್ನು ತುಸು ಎತ್ತಿ ನೋಡಿ, ಆಮೇಲೆ ಇನ್ನೊಂದನ್ನು. ಯಾವ ಕಾಲಿನ ಮೇಲೆ ಮೈ ಅಲುಗಾಡದೆ ನಿಂತಿತೋ ಅದೇ ಮುಂಗಾಲು. ಬಲಗೈಯವರಿಗೆ ಬಲಗಾಲೇ ಮುಂದೆ ಎಂಬ ನಿಯಮವೇನೂ ಇಲ್ಲ. ಇದನ್ನು ತಿಳಿಯದೆ ಸ್ಕೀ ಮೇಲೆ ಕೂರಿಸುವ ಬೂಟು ಕೊಂಡರೆ ಎಡ ಬಲ ಅದಲುಬದಲಾಗುತ್ತದೆ.

ಎರಡನೆಯದು: ತೂಕ ಮತ್ತು ವೇಗ

ಎತ್ತರ ನೋಡಿ ಸ್ಕೀ ಕೊಡುವವರಿದ್ದಾರೆ. ಹಿಮದ ಸ್ಕೀಯಿಂದ ಬಂದ ಅಭ್ಯಾಸವಿರಬೇಕು, ನೀರಿನಲ್ಲಿ ಅದು ತಪ್ಪು. ನೀರು ನಿಮ್ಮ ಎತ್ತರವನ್ನು ಕೇಳುವುದಿಲ್ಲ, ಭಾರವನ್ನು ಹೊರುತ್ತದೆ. ಆ ಹೊರುವ ಬಲ ಎರಡು ಕಡೆಯಿಂದ ಬರುತ್ತದೆ: ಸ್ಕೀಯ ತಳದ ವಿಸ್ತಾರ ಮತ್ತು ವೇಗ. ವೇಗದ ಪಾಲು ಇಲ್ಲಿ ದೊಡ್ಡದು, ಏಕೆಂದರೆ ಬಲ ಏರುವುದು ವೇಗದ ವರ್ಗದ ಲೆಕ್ಕದಲ್ಲಿ. ದೋಣಿ ಗಂಟೆಗೆ 46 ಕಿಲೋಮೀಟರಿನಿಂದ 55ಕ್ಕೆ ಏರಿದರೆ ಅದೇ ಹಲಗೆಗೆ ಸಿಗುವ ಬಲ ಸುಮಾರು ಶೇ 40ರಷ್ಟು ಹೆಚ್ಚುತ್ತದೆ. ಆದ್ದರಿಂದ ನಿಧಾನವಾಗಿ ಸಾಗುವವರಿಗೆ ದೊಡ್ಡ ಸ್ಕೀ ಬೇಕು, ವೇಗವಾಗಿ ಸಾಗುವವರಿಗೆ ಚಿಕ್ಕದು ಸಾಕು.

ತೂಕವನ್ನು ಅಂದಾಜಿನಲ್ಲಿ ಹೇಳಬೇಡಿ. ಮನೆಯ ತೂಕದ ಯಂತ್ರ ಕೆಟ್ಟಿದ್ದರೆ ನಮ್ಮೂರಲ್ಲಿ ಚಿಂತೆಯಿಲ್ಲ. ತೊಗರಿ ತೂಗುವ ದಾಲ್‌ಮಿಲ್‌ನ ಕಾಟಾ ಮೇಲೆ ನಿಂತರೂ ಆಯಿತು. ಈ ಸಲ ರಜೆಗೆ ಬಂದಾಗ ಅಳಿಯನನ್ನು ಹಾಗೆಯೇ ನಿಲ್ಲಿಸಿದೆ. "ಎಪ್ಪತ್ತೆರಡು" ಎಂದು ವಾದಿಸುತ್ತಿದ್ದವನು 79 ಕಿಲೋ ತೂಗಿದ. ಆ ಏಳು ಕಿಲೋ ಎಂದರೆ ಒಂದು ಅಳತೆಯ ವ್ಯತ್ಯಾಸ.

ಸ್ಕೀಯ ಉದ್ದವನ್ನು ಎಲ್ಲೆಡೆ ಇಂಚಿನಲ್ಲೇ ಹೇಳುತ್ತಾರೆ. 67 ಇಂಚು ಎಂದರೆ ಸುಮಾರು 170 ಸೆಂಟಿಮೀಟರ್. ಗಂಟೆಗೆ 42ರಿಂದ 50 ಕಿಲೋಮೀಟರ್ ವೇಗದಲ್ಲಿ ಸಾಗುವವರಿಗೆ ನಾನು ಹೇಳುವ ಅಳತೆ ಹೀಗಿದೆ:

55ರಿಂದ 63 ಕಿಲೋ: 64ರಿಂದ 66 ಇಂಚು
63ರಿಂದ 72 ಕಿಲೋ: 65ರಿಂದ 67 ಇಂಚು
72ರಿಂದ 84 ಕಿಲೋ: 66ರಿಂದ 68 ಇಂಚು
84ರಿಂದ 95 ಕಿಲೋ: 67ರಿಂದ 69 ಇಂಚು
95 ಕಿಲೋ ಮೀರಿದವರು: 69 ಇಂಚು ಮತ್ತು ಅದಕ್ಕಿಂತ ಹೆಚ್ಚು

ವೇಗ 52ರಿಂದ 55ರ ಆಸುಪಾಸಿನಲ್ಲಿದ್ದರೆ ಒಂದು ಇಂಚಿನಷ್ಟು ಕೆಳಗಿಳಿಯಬಹುದು. 58 ಎಂಬುದು ಪುರುಷರ ಮುಕ್ತ ಸ್ಪರ್ಧೆಯ ಗರಿಷ್ಠ ವೇಗ, ಮಹಿಳೆಯರಿಗೆ 55. ಆ ಮಟ್ಟದವರಿಗೆ ಈ ಬರಹದ ಅಗತ್ಯವಿಲ್ಲ. ಒಂದೊಂದು ಕಂಪನಿಯ ಸ್ಕೀಯ ಅಗಲ ಒಂದೊಂದು ಥರ ಇರುವುದರಿಂದ ಕೊನೆಯ ಮಾತು ಆಯಾ ಮಾದರಿಗೆ ತಯಾರಕರು ಕೊಟ್ಟ ಪಟ್ಟಿಯದೇ. ನಿಮ್ಮ ತೂಕ ಎರಡು ಅಳತೆಗಳ ನಡುವೆ ಬಿದ್ದರೆ, ಕಲಿಯುವವರಾಗಿದ್ದರೆ ದೊಡ್ಡದನ್ನೇ ಆರಿಸಿ.

ಇದನ್ನು ಒತ್ತಿ ಹೇಳಲು ಕಾರಣವಿದೆ. ನನ್ನ ಮೊದಲ ಸ್ಕೀ 65 ಇಂಚಿನದು, ತೆಳ್ಳನೆಯ ಸ್ಪರ್ಧಾ ಮಾದರಿ. ಆಗ ನನ್ನ ತೂಕ 86 ಕಿಲೋ. "ಒಳ್ಳೆಯ ಸ್ಕೀ, ಬೇಗ ಕಲಿಯುತ್ತೀರಿ" ಎಂದು ಮಾರಿದವರು ತೂಕವನ್ನು ಕೇಳಲೇ ಇಲ್ಲ. ಒಂದು ಇಡೀ ಚಳಿಗಾಲ ವಾರವಾರವೂ ನೀರಿಗಿಳಿದೆ. ದೋಣಿ ಎಳೆಯುತ್ತಿತ್ತು, ಸ್ಕೀ ಮೇಲೇಳುತ್ತಿರಲಿಲ್ಲ, ಮುಖಕ್ಕೆ ನೀರು ರಾಚುತ್ತಿತ್ತು, ತೋಳುಗಳು ಸೋತು ಹಗ್ಗ ಬಿಡುತ್ತಿದ್ದೆ. ನನ್ನ ಮೈಯಲ್ಲೇ ಶಕ್ತಿಯಿಲ್ಲ ಎಂದು ನಂಬಿಬಿಟ್ಟಿದ್ದೆ. ಒಂದು ದಿನ ಹಿರಿಯರೊಬ್ಬರು ತಮ್ಮ 69 ಇಂಚಿನ ಅಗಲದ ಸ್ಕೀ ಕೊಟ್ಟು "ಇದರಲ್ಲಿ ಒಮ್ಮೆ ನೋಡಿ" ಎಂದರು. ಮೊದಲ ಎಳೆತಕ್ಕೇ ಎದ್ದು ನಿಂತೆ. ಅಳು ಬಂದಿತ್ತು. ಕಳೆದುಹೋದ ಆ ಚಳಿಗಾಲ ಇನ್ನೊಬ್ಬರದಾಗಬಾರದು.

ಮೂರನೆಯದು: ಆಕಾರ

1922ರಲ್ಲಿ ಅಮೆರಿಕದ ಮಿನೆಸೋಟದ ಪೆಪಿನ್ ಸರೋವರದಲ್ಲಿ ರಾಲ್ಫ್ ಸ್ಯಾಮುಯೆಲ್ಸನ್ ಎಂಬ ಹದಿಹರೆಯದ ಯುವಕ ಮರದ ಹಲಗೆಗಳ ತುದಿಯನ್ನು ಕುದಿವ ನೀರಿನಲ್ಲಿ ಮೆದುಮಾಡಿ ಮೇಲಕ್ಕೆ ಬಾಗಿಸಿ, ಅವುಗಳ ಮೇಲೆ ನಿಂತು ಸಾಗಿದ. ಈ ಆಟ ಹುಟ್ಟಿದ್ದು ಹಾಗೆ. ತುದಿ ಬಾಗದ ಹಲಗೆ ನೀರಿನೊಳಗೆ ತೂರಿಕೊಳ್ಳುತ್ತದೆ ಎಂಬುದು ಅವನಿಗೆ ತಿಳಿದಿತ್ತು. ಇಂದಿಗೂ ಸ್ಕೀಯ ಸ್ವಭಾವವನ್ನು ಬಹುಪಾಲು ನಿರ್ಧರಿಸುವುದು ಆ ಬಾಗೇ. ಅದಕ್ಕೆ ರಾಕರ್ ಎನ್ನುತ್ತಾರೆ.

ರಾಕರ್ ನೋಡಲು ನಮ್ಮ ಮನೆಗಳ ಶಹಾಬಾದ್ ಕಲ್ಲಿಗಿಂತ ಒಳ್ಳೆಯ ಸಾಧನ ಬೇಕಿಲ್ಲ. ಅಳಿಯ ಸ್ನೇಹಿತರಿಂದ ಎರಡು ಹಳೆಯ ಸ್ಕೀ ತಂದಿದ್ದ. ಹಿತ್ತಿಲ ಕಟ್ಟೆಯ ಮೇಲೆ, ಹಿಂಬದಿಯ ಫಿನ್ (ಬಾಲದ ಕೆಳಗಿನ ರೆಕ್ಕೆ) ಕಟ್ಟೆಯ ಅಂಚಿನಿಂದ ಹೊರಗೆ ಇಳಿಬೀಳುವಂತೆ ಎರಡನ್ನೂ ಅಕ್ಕಪಕ್ಕ ಇಟ್ಟೆವು. ಒಂದು ಹಾಳೆಯನ್ನು ಮೂತಿಯ ಕೆಳಗಿನಿಂದ ಒಳಕ್ಕೆ ತಳ್ಳಿದರೆ, ಸ್ಕೀ ಕಲ್ಲಿಗೆ ತಾಗುವಲ್ಲಿ ಹಾಳೆ ನಿಲ್ಲುತ್ತದೆ. ಆ ಜಾಗಕ್ಕೆ ಸೀಮೆಸುಣ್ಣದ ಗೆರೆ ಹಾಕಿದೆವು. ಮೊದಲನೆಯದರಲ್ಲಿ ಹಾಳೆ ಮುಂಗಾಲಿನ ಬೂಟಿನ ಹತ್ತಿರದವರೆಗೂ ಹೋಯಿತು, ಎರಡನೆಯದರಲ್ಲಿ ಅದಕ್ಕಿಂತ ನಾಲ್ಕು ಬೆರಳು ಮೊದಲೇ ನಿಂತಿತು. ಮೊದಲನೆಯದರಲ್ಲಿ ಬಾಗು ಹೆಚ್ಚು. ಅದು ಸುಲಭವಾಗಿ ತಿರುಗುತ್ತದೆ, ಆದರೆ ತುಸು ನಿಧಾನ. ಎರಡನೆಯದು ಚಪ್ಪಟೆ. ಅದು ವೇಗ ಹಿಡಿಯುತ್ತದೆ, ನೇರ ಓಡುತ್ತದೆ, ತಿರುಗಿಸಲು ನಿಮ್ಮಿಂದ ಹೆಚ್ಚು ಕೌಶಲ ಬೇಡುತ್ತದೆ.

ಆಮೇಲೆ ಸ್ಕೀಯನ್ನು ಮಗುಚಿ, ಉಕ್ಕಿನ ಅಳತೆಪಟ್ಟಿಯನ್ನು ತಳದ ಮೇಲೆ ಅಡ್ಡಲಾಗಿ ಇಟ್ಟು ಬೆಳಕಿಗೆ ಹಿಡಿದು ನೋಡಿ. ಪಟ್ಟಿಯ ಕೆಳಗೆ ಬೆಳಕು ಕಂಡಷ್ಟು ತಳದಲ್ಲಿ ತಗ್ಗು ಇದೆ. ಅಗಲವಾದ ಆಳದ ತಗ್ಗು ನೀರನ್ನು ಕಚ್ಚಿ ಹಿಡಿಯುತ್ತದೆ, ತಿರುವಿನಲ್ಲಿ ಸ್ಕೀ ಜಾರದಂತೆ ನೋಡಿಕೊಳ್ಳುತ್ತದೆ. ತಗ್ಗಿನ ಎರಡೂ ಬದಿ ಚಪ್ಪಟೆ ಜಾಗವಿದ್ದರೆ ಸ್ಕೀ ನೆಮ್ಮದಿಯಾಗಿ ನಿಲ್ಲುತ್ತದೆ, ಕಲಿಯುವವರಿಗೆ ಹಿತ.

ಅಂಚನ್ನು ಹೆಬ್ಬೆರಳಿನಿಂದ ಸವರಿ. ಅದರ ಇಳಿಜಾರಿಗೆ ಬೆವೆಲ್ ಎನ್ನುತ್ತಾರೆ. ದುಂಡಗಿನ ಅಂಚು ಸ್ಕೀಯನ್ನು ನೀರಿನಲ್ಲಿ ತುಸು ಕೆಳಗೆ ಕೂರಿಸುತ್ತದೆ, ತಪ್ಪುಗಳನ್ನು ಸಹಿಸುತ್ತದೆ. ಚೂಪಾದ ಅಂಚು ಮೇಲೆ ತೇಲಿಸಿ ವೇಗ ಕೊಡುತ್ತದೆ, ಸಣ್ಣ ತಪ್ಪಿಗೂ ಬೀಳಿಸುತ್ತದೆ.

ಇವೆಲ್ಲಕ್ಕಿಂತ ಕಲಿಯುವವರಿಗೆ ಮುಖ್ಯವಾದದ್ದು ಅಗಲ. ಅಗಲ ಸ್ಕೀ ಎಂದರೆ ಆರಂಭಿಕರ ಆಟಿಕೆ ಎಂಬ ಕೀಳರಿಮೆ ಕೆಲವರಲ್ಲಿದೆ. ಅದು ಬೇಡ. ಮೂತಿಯಿಂದ ನಡುವಿನವರೆಗೆ ಅಗಲವಿರುವ ಸ್ಕೀ ಕಡಿಮೆ ವೇಗದಲ್ಲೇ ಏಳುತ್ತದೆ, ದೋಣಿ ಕಡಿಮೆ ಎಳೆಯುತ್ತದೆ, ತೋಳುಗಳು ಉಳಿಯುತ್ತವೆ. ಒಂದು ದಿನದಲ್ಲಿ ಹತ್ತು ಸಲ ಏಳಲು ಆದವರು ಮೂರು ಸಲ ಎದ್ದು ಸುಸ್ತಾದವರಿಗಿಂತ ಬೇಗ ಕಲಿಯುತ್ತಾರೆ. ನಲವತ್ತು ದಾಟಿದವರಿಗೂ, ಬೆನ್ನು ನೋವಿದ್ದವರಿಗೂ ನಾನು ಅಗಲದ್ದನ್ನೇ ಹೇಳುತ್ತೇನೆ.

ಕಾರ್ಬನ್ ವಿಷಯ ಚಿಕ್ಕದು. ಹೆಚ್ಚು ಕಾರ್ಬನ್ ಇದ್ದಷ್ಟೂ ಸ್ಕೀ ಹಗುರ, ಬಿಗಿ. ಬಿಗಿ ಸ್ಕೀ ವೇಗವನ್ನು ಉಳಿಸಿಕೊಳ್ಳುತ್ತದೆ, ನೀವು ಕೊಟ್ಟ ಒತ್ತಡವನ್ನು ಹಾಗೆಯೇ ಹಿಂದಿರುಗಿಸುತ್ತದೆ. ಫೈಬರ್‌ಗ್ಲಾಸ್ ಹೆಚ್ಚಿರುವ ಮೆದು ಸ್ಕೀ ಬಳುಕುತ್ತದೆ, ನಿಧಾನ ವೇಗದಲ್ಲಿ ತಿರುವು ಸಲೀಸು. ಉನ್ನತ ದರ್ಜೆಯ ಕಾರ್ಬನ್ ಸ್ಕೀಗೆ ಒಂದು ಬೈಕಿನಷ್ಟು ಬೆಲೆ. 50 ಕಿಲೋಮೀಟರ್ ವೇಗದ ಒಳಗಿರುವವರಿಗೆ ಆ ಹಣ ದಕ್ಕುವುದಿಲ್ಲ. ಅದೇ ಹಣದಲ್ಲಿ ನಡುಬೆಲೆಯ ಸ್ಕೀ, ಒಳ್ಳೆಯ ಬೂಟು, ಸರಿಯಾದ ಲೈಫ್ ಜಾಕೆಟ್ ಬಂದು, ತರಬೇತಿಗೂ ಉಳಿಯುತ್ತದೆ.

ನಾಲ್ಕನೆಯದು: ಬೂಟು

ಸ್ಕೀಗೆ ಕಾಲನ್ನು ಹಿಡಿದಿಡುವ ಬೂಟಿಗೆ ಬೈಂಡಿಂಗ್ ಎನ್ನುತ್ತಾರೆ. ಗಾಯಗಳ ದೃಷ್ಟಿಯಿಂದ ಸ್ಕೀಗಿಂತ ಇದೇ ಮುಖ್ಯ. ಮುಂಗಾಲಿಗೆ ಬೂಟು ಇದ್ದೇ ಇರುತ್ತದೆ. ಹಿಂಗಾಲಿಗೆ ಎರಡು ದಾರಿ: ಪಾದದ ಮುಂಭಾಗ ಮಾತ್ರ ತೂರುವ ಪಟ್ಟಿ, ಅಥವಾ ಇನ್ನೊಂದು ಪೂರ್ಣ ಬೂಟು. ಕಲಿಯುವವರಿಗೆ ಪಟ್ಟಿಯೇ ಒಳ್ಳೆಯದು. ನೀರಿನಿಂದ ಏಳುವಾಗ ಹಿಂಗಾಲನ್ನು ಹೊರಗೆ ಬಿಟ್ಟು ಸಮತೋಲ ಹಿಡಿಯಬಹುದು, ಬಿದ್ದಾಗ ಆ ಕಾಲು ತಾನಾಗಿ ಕಳಚಿಕೊಳ್ಳುತ್ತದೆ. ಎರಡು ಬೂಟು ಹಾಕಿದರೆ ಹಿಡಿತ ಹೆಚ್ಚು, ಆದರೆ ಬೀಳುವಾಗ ಎರಡೂ ಒಟ್ಟಿಗೇ ಬಿಡಬೇಕು. ಒಂದು ಬಿಟ್ಟು ಇನ್ನೊಂದು ಹಿಡಿದರೆ ಕಣಕಾಲು, ಮೊಣಕಾಲು ತಿರುಚುತ್ತವೆ.

ಬೂಟನ್ನು ಒದ್ದೆ ಕಾಲಿನಲ್ಲೇ ಹಾಕಿ ನೋಡಿ. ಹಿಮ್ಮಡಿ ಮೇಲೇಳಬಾರದು, ಬೆರಳು ಮಡಚಬಾರದು, ಕಾಲು ಜುಮುಗುಟ್ಟಬಾರದು. ಮನೆಯಲ್ಲಿ ಮಕ್ಕಳು, ತಮ್ಮಂದಿರು ಒಂದೇ ಸ್ಕೀ ಬಳಸುವುದಾದರೆ ಹಲವು ಅಳತೆಗೆ ಹೊಂದುವ, ಹಿಗ್ಗಿಸಬಹುದಾದ ಬೂಟು ಕೊಳ್ಳಿ. ಒಬ್ಬರೇ ಬಳಸುವುದಾದರೆ ಪಾದದ ಅಳತೆಗೆ ಸರಿಯಾದದ್ದು. "ಸ್ವಲ್ಪ ಸಡಿಲ ಇದ್ದರೂ ನಡೆಯುತ್ತದೆ" ಎಂಬ ಮಾತು ಚಪ್ಪಲಿಗೆ ಸರಿ, ಇಲ್ಲಿ ಖಂಡಿತ ಅಲ್ಲ.

ಐದನೆಯದು: ಹಳೆಯ ಸ್ಕೀ ಕೊಳ್ಳುವವರಿಗೆ

ಹಳೆಯದನ್ನು ಕೊಳ್ಳಲು ಹಿಂಜರಿಯಬೇಡಿ. ಮೊದಲ ಎರಡು ವರ್ಷಕ್ಕೆ ಅದೇ ಜಾಣತನ. ಆದರೆ ಕೈಯಲ್ಲಿ ಹಿಡಿದು ನೋಡದೆ ಹಣ ಕೊಡಬೇಡಿ.

ಬೇಸಿಗೆಯಲ್ಲಿ ಸಂತೆಯಲ್ಲಿ ಮಣ್ಣಿನ ಗಡಿಗೆ ಕೊಳ್ಳುವಾಗ ಬೆರಳಿನಿಂದ ಬಡಿದು ನಾದ ಕೇಳುತ್ತೇವಲ್ಲ, ಇಲ್ಲಿಯೂ ಹಾಗೆಯೇ. ಒಂದು ನಾಣ್ಯ ಹಿಡಿದು ಮೂತಿಯಿಂದ ಬಾಲದವರೆಗೆ ಬೆರಳಗಲ ಬಿಟ್ಟು ಬೆರಳಗಲ ಬಡಿಯುತ್ತ ಬನ್ನಿ. ಸದ್ದು ಒಂದೇ ಸಮ ಗಟ್ಟಿಯಾಗಿ ಬರಬೇಕು. ಎಲ್ಲಿಯಾದರೂ ಟೊಳ್ಳು ಸದ್ದು ಬಂದರೆ ಹೊರಪದರ ಒಳಗಿನ ಫೋಮ್‌ನಿಂದ ಬಿಟ್ಟುಕೊಂಡಿದೆ, ಒಳಗೆ ನೀರೂ ಸೇರಿರಬಹುದು. ಅಲ್ಲಿ ಹೆಬ್ಬೆರಳಿನಿಂದ ಒತ್ತಿ. ತಗ್ಗಿದರೆ ಆ ಸ್ಕೀಯನ್ನು ಬಿಟ್ಟುಬಿಡಿ. ಬೂಟಿನ ತಿರುಪುಗಳನ್ನು ಬಿಚ್ಚಿಸಿ, ತೂತುಗಳ ಸುತ್ತ ಕೂದಲೆಳೆಯಂಥ ಬಿರುಕುಗಳಿವೆಯೇ ನೋಡಿ. ಸ್ಕೀ ಮುರಿಯುವುದು ಹೆಚ್ಚಾಗಿ ಅಲ್ಲಿಂದಲೇ.

ತಿರುಚಿದೆಯೇ ಎಂದು ತಿಳಿಯಲು ಬಡಗಿಗಳ ಉಪಾಯ ಬಳಸಿ. ನೇರವಾದ ಎರಡು ಕಡ್ಡಿಗಳನ್ನು ತಳದ ಮೇಲೆ ಅಡ್ಡಲಾಗಿ, ಒಂದನ್ನು ಮುಂದೆ ಒಂದನ್ನು ಹಿಂದೆ ಇಟ್ಟು, ಒಂದು ತುದಿಯಿಂದ ಒಂದೇ ಕಣ್ಣಿನಲ್ಲಿ ನೋಡಿ. ಎರಡೂ ಸಮಾನಾಂತರವಾಗಿ ಕಂಡರೆ ಸರಿ. ಒಂದು ವಾಲಿದ್ದರೆ ಆ ಸ್ಕೀ ಒಂದು ಬದಿಗೆ ಚೆನ್ನಾಗಿ ತಿರುಗಿ ಇನ್ನೊಂದು ಬದಿಗೆ ಸತಾಯಿಸುತ್ತದೆ. ಅಳಿಯ ತಂದ ಎರಡರಲ್ಲಿ ಒಂದು ಹೀಗೇ ವಾಲಿತ್ತು.

ಆರನೆಯದು: ಫಿನ್ ಮುಟ್ಟಬೇಡಿ

ಬಾಲದ ಕೆಳಗಿನ ಅಲ್ಯುಮಿನಿಯಂ ರೆಕ್ಕೆಯೇ ಫಿನ್. ಅದರ ಆಳ, ಉದ್ದ, ಬಾಲದಿಂದ ಇರುವ ದೂರ ಮೂರನ್ನೂ ಕ್ಯಾಲಿಪರ್ ಎಂಬ ಸೂಕ್ಷ್ಮ ಅಳತೆಯ ಸಾಧನದಿಂದ ಇಂಚಿನ ಸಾವಿರದ ಒಂದು ಪಾಲಿನ ಲೆಕ್ಕದಲ್ಲಿ ಅಳೆಯುತ್ತಾರೆ. ಕಾರ್ಖಾನೆ ಹೇಳಿದ ಅಳತೆಗೆ ಅದನ್ನು ಇಟ್ಟು, ಒಂದು ಋತು ಪೂರ್ತಿ ಹಾಗೆಯೇ ಬಿಡಿ. ಹಳೆಯ ಸ್ಕೀ ಕೊಂಡಿದ್ದರೆ ಹಿಂದಿನವರು ತಮ್ಮ ರುಚಿಗೆ ಬದಲಿಸಿರುತ್ತಾರೆ, ಮೊದಲು ಅದನ್ನು ಕಾರ್ಖಾನೆಯ ಅಳತೆಗೆ ತನ್ನಿ. ಮುಂದೆ ಬದಲಿಸುವ ದಿನ ಬಂದರೆ ಒಂದು ಸಲಕ್ಕೆ ಒಂದೇ ಅಳತೆ ಬದಲಿಸಿ, ಹಳೆಯ ಅಂಕಿಯನ್ನು ವಹಿಯಲ್ಲಿ ಬರೆದಿಡಿ.

ಏಳನೆಯದು: ನೀರಿನಲ್ಲಿ ಪರೀಕ್ಷೆ

ಸಾಧ್ಯವಿದ್ದರೆ ಕೊಳ್ಳುವ ಮುಂಚೆ ಎರವಲು ಪಡೆದು, ಒಂದೇ ದೋಣಿ, ಒಂದೇ ವೇಗದಲ್ಲಿ ಮೂರು ನಾಲ್ಕು ಸುತ್ತು ಹೋಗಿ ಬನ್ನಿ. ಏಳಲು ದೋಣಿ ಬಹಳ ದೂರ ಎಳೆಯಬೇಕಾಯಿತೇ? ತಿರುವಿನ ಕೊನೆಯಲ್ಲಿ ಸ್ಕೀ ಮುಳುಗಿ ನಿಂತಂತಾಗಿ, ಆಮೇಲೆ ಹಗ್ಗ ಜಗ್ಗಿ ಎಳೆಯಿತೇ? ಹಾಗಾದರೆ ಸ್ಕೀ ನಿಮಗೆ ಚಿಕ್ಕದು. ಸ್ಕೀ ನೀರಿನ ಮೇಲೆ ಗಡಗಡ ಕುಣಿಯಿತೇ, ಅಂಚಿಗೆ ವಾಲಿಸಲು ಹೆಣಗಾಡಬೇಕಾಯಿತೇ? ಹಾಗಾದರೆ ದೊಡ್ಡದು. ಸರಿಯಾದ ಸ್ಕೀಯಲ್ಲಿ ನೀವು ಮೊಣಕಾಲು ಮಡಚಿ, ತೋಳು ನೇರ ಚಾಚಿ ಕುಳಿತಂತೆಯೇ ಮೇಲೇಳುತ್ತೀರಿ, ತೋಳಿನಿಂದ ಎಳೆದುಕೊಳ್ಳುವ ಪ್ರಸಂಗವೇ ಬರುವುದಿಲ್ಲ.

ಇಲ್ಲಿ ಒಂದು ಮಾತು ಕೈಮುಗಿದು ಹೇಳುತ್ತೇನೆ. ರಜೆಗೆ ಊರಿಗೆ ಬಂದಾಗ ಬೆಣ್ಣೆತೊರಾ, ಬೀದರ್‌ನ ಕಾರಂಜಾ, ನಾರಾಯಣಪುರದ ಬಸವಸಾಗರದ ತುಂಬಿದ ನೀರು ನೋಡಿ ಆಸೆಯಾಗುವುದು ಸಹಜ. ಆದರೆ ಅವು ನೀರಾವರಿಯ ಜಲಾಶಯಗಳು. ಮೀನುಗಾರರ ಬಲೆಗಳು, ನೀರಡಿಯ ಕಲ್ಲು ಬೊಡ್ಡೆಗಳು ಮೇಲಿನಿಂದ ಕಾಣುವುದಿಲ್ಲ. ಅನುಮತಿ, ಪಳಗಿದ ಚಾಲಕ, ದೋಣಿಯಲ್ಲಿ ನಿಮ್ಮ ಮೇಲೆಯೇ ಕಣ್ಣಿಟ್ಟ ಇನ್ನೊಬ್ಬರು, ಮೈಮೇಲೆ ಲೈಫ್ ಜಾಕೆಟ್, ಇಷ್ಟೂ ಇಲ್ಲದೆ ಯಾವ ನೀರಿಗೂ ಇಳಿಯಬೇಡಿ.

ಕೊಂಡ ಮೇಲೆ

ಪ್ರತಿ ಸಲ ನೀರಿಗಿಳಿಯುವ ಮುಂಚೆ ಬೂಟಿನ ತಿರುಪುಗಳನ್ನು ಬಿಗಿಮಾಡಿ. ಉಪ್ಪು ನೀರಿನಲ್ಲಿ ಆಡಿದ್ದರೆ ಸಿಹಿನೀರಿನಿಂದ ತೊಳೆದು ನೆರಳಿನಲ್ಲಿ ಒಣಗಿಸಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಮಾತ್ರ ಇಡಬೇಡಿ. ಕಲಬುರಗಿಯ ಮೇ ತಿಂಗಳಾಗಲಿ ಮಸ್ಕತ್‌ನ ಜೂನ್ ಆಗಲಿ, ಮುಚ್ಚಿದ ಕಾರಿನ ಕಾವಿಗೆ ಪದರಗಳ ಅಂಟು ಸಡಿಲಿ ತಳದಲ್ಲಿ ಬೊಬ್ಬೆ ಏಳುತ್ತದೆ.

ಅಳಿಯ ಕೊನೆಗೆ ಆ ಕಾರ್ಬನ್ ಸ್ಕೀ ಬಿಟ್ಟು, 67 ಇಂಚಿನ ಅಗಲದ ಸ್ಕೀಯೊಂದನ್ನು ಹಿಂಗಾಲಿನ ಪಟ್ಟಿಯ ಸಮೇತ ಕೊಂಡ. ಮೊನ್ನೆ ಮತ್ತೆ ಫೋನ್. "ಮಾಮಾ, ನಾಲ್ಕು ಕಿಲೋ ಇಳಿದಿದ್ದೇನೆ. ಸ್ಕೀ ಬದಲಿಸಬೇಕೇ?" ನಾಲ್ಕಕ್ಕೆ ಬೇಡ. ಎಂಟು ಹತ್ತು ಕಿಲೋ ಇಳಿದರೆ, ಅಥವಾ ದೋಣಿಯ ವೇಗ 52 ದಾಟಿದರೆ, ಆಗ ತೂಕದ ಅಳತೆಯ ಪಟ್ಟಿಯನ್ನು ಮತ್ತೆ ತೆರೆದು ನೋಡು ಎಂದೆ. ಈ ಸಲ ವೇಗ ಎಷ್ಟು ಎಂದು ಕೇಳಿದಾಗ ತಡವರಿಸದೆ "ನಲವತ್ತಾರು" ಎಂದ.